ಕೈ ನಿಂತರೆ ಹಕ್ಕಿ ಕಂಡೀತು

ಹಂಪಿಯ ಬಂಡೆಗುಡ್ಡಗಳ ಕುರುಚಲಿನಲ್ಲಿ ಹೆಚ್ಚುಕಡಿಮೆ ಒಂದೇ ಅಳತೆಯ ಎರಡು ಪಿಕಳಾರಗಳು ಓಡಾಡಿಕೊಂಡಿರುತ್ತವೆ. ಒಂದು ಬಿಳಿ ಹುಬ್ಬಿನ ಪಿಕಳಾರ, ದಕ್ಷಿಣ ಭಾರತದ ಯಾವ ಒಣ ಪೊದೆಗಾಡಿನಲ್ಲಾದರೂ ಸಿಗುವಂಥದ್ದು. ಇನ್ನೊಂದು ಹಳದಿ ಕೊರಳಿನ ಪಿಕಳಾರ. ಬ್ರಿಟಿಷ್ ವೈದ್ಯ, ನಿಸರ್ಗಶಾಸ್ತ್ರಜ್ಞ ಥಾಮಸ್ ಜೆರ್ಡನ್ 1840ರ ದಶಕದಲ್ಲಿ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದ. ದಕ್ಷಿಣ ಭಾರತದ ಬಂಡೆಗಲ್ಲಿನ ಗುಡ್ಡಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇದು ಇಲ್ಲ. ಐಯುಸಿಎನ್‌ನ ಕೆಂಪುಪಟ್ಟಿಯಲ್ಲಿ ಅಳಿವಿನ ಅಪಾಯಕ್ಕೆ ಈಡಾಗಬಲ್ಲ ಜೀವಿಗಳ ಸಾಲಿಗೆ ಸೇರಿದೆ. ಎರಡರ ಮೈಯೂ ಬೂದು ಬೆರೆತ ಮಾಸಲು ಹಸಿರು, ಎರಡಕ್ಕೂ ಬಾಲದ ಬುಡದ ಕೆಳಗೆ ಹಳದಿ. ಬೇರೆ ಮಾಡಿ ಹೇಳುವುದು ಒಂದರ ಕಣ್ಣಿನ ಮೇಲಿನ ಬಿಳಿ ಗೀರು, ಇನ್ನೊಂದರ ತಲೆ ಕೊರಳುಗಳ ಹಳದಿ.

ಅರವತ್ತು ಎಪ್ಪತ್ತು ಮೀಟರು ದೂರದ ಬಂಡೆಯ ನೆತ್ತಿಯಲ್ಲಿ ಇವೆರಡರಲ್ಲಿ ಒಂದು ಕೂತಾಗ ದುರ್ಬೀನು ಒಂದಿಷ್ಟು ನಡುಗಿದರೂ ಗೀರು, ಹಳದಿ ಎರಡೂ ಕಲಸಿಹೋಗುತ್ತವೆ. ನೋಡಿದವರು ‘ಯಾವುದೋ ಪಿಕಳಾರ’ ಎಂದು ಬರೆದುಕೊಳ್ಳುತ್ತಾರೆ. ಜಗತ್ತಿನಲ್ಲಿ ಇಷ್ಟೇ ಜಾಗದಲ್ಲಿ ಬದುಕಿರುವ ಹಕ್ಕಿಯೊಂದು ಕಣ್ಣೆದುರಿಗೇ ಬಂದು ಗುರುತಿಲ್ಲದೆ ಹಾರಿಹೋಯಿತು ಎಂದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ತಪ್ಪು ಕಣ್ಣಿನದಲ್ಲ, ಗಾಜಿನದೂ ಅಲ್ಲ. ಕೈ ನಿಂತಿರಲಿಲ್ಲ, ಅಷ್ಟೆ.

ಹೊಸದಾಗಿ ಹಕ್ಕಿ ನೋಡಲು ಹೊರಟವರು ಕೇಳುವ ಮೊದಲ ಪ್ರಶ್ನೆ ಬಹುತೇಕ ಒಂದೇ: ಎಷ್ಟು ಪಟ್ಟಿನ ದುರ್ಬೀನು ಕೊಳ್ಳಲಿ? ಹತ್ತೋ, ಹನ್ನೆರಡೋ, ಇಪ್ಪತ್ತೋ? ದೊಡ್ಡ ಅಂಕಿ ದೊಡ್ಡ ಹಕ್ಕಿಯನ್ನು ತೋರಿಸುತ್ತದೆ ಎಂಬ ನಂಬಿಕೆ. ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಬೇರೆ: ಮೊಣಕೈ ಎಲ್ಲಿ ಊರುತ್ತೀರಿ? ಅದರಲ್ಲೂ ಮನೆಯಲ್ಲೇ ಕೂತು ನೋಡುವವರಿಗೆ, ಮಂಡಿನೋವಿನಿಂದ ಗುಡ್ಡ ಹತ್ತಲಾಗದ ಹಿರಿಯರಿಗೆ, ಕೈ ಸ್ವಲ್ಪ ನಡುಗತೊಡಗಿದವರಿಗೆ ಇದೊಂದೇ ಪ್ರಶ್ನೆ ಸಾಕು.

ನಡುಕ ಮುದುಕರಿಗೆ ಮಾತ್ರ ಬರುವುದಲ್ಲ. ಆರೋಗ್ಯವಂತರ ಕೈ ಕೂಡ ಸೆಕೆಂಡಿಗೆ ಎಂಟರಿಂದ ಹನ್ನೆರಡು ಸಲ ತೀರ ಸಣ್ಣಗೆ ಕಂಪಿಸುತ್ತಲೇ ಇರುತ್ತದೆ. ಬರಿಗಣ್ಣಿಗೆ ಅದು ಕಾಣದು. ಹತ್ತು ಪಟ್ಟು ಹಿಗ್ಗಿಸುವ ದುರ್ಬೀನು ಹಕ್ಕಿಯ ಜೊತೆಗೆ ಆ ಕಂಪನವನ್ನೂ ಹತ್ತು ಪಟ್ಟು ಹಿಗ್ಗಿಸುತ್ತದೆ. ಇದರ ಮೇಲೆ ಉಸಿರಾಟದ ಏರಿಳಿತ, ಎದೆಬಡಿತ, ಮಾಳಿಗೆ ಮೆಟ್ಟಿಲು ಹತ್ತಿದ ಏದುಸಿರು. ಸಾಮಾನ್ಯವಾಗಿ ಬಳಸುವ 8x42 ದುರ್ಬೀನು ಆರುನೂರೈವತ್ತು ಏಳುನೂರು ಗ್ರಾಂ ತೂಗುತ್ತದೆ. ಅದೇನು ಭಾರ ಎನಿಸಬಹುದು. ತುಂಬಿದ ಕೊಡ ತಲೆಯ ಮೇಲಿದ್ದರೆ ಹರದಾರಿ ನಡೆಯಬಹುದು, ಅದನ್ನೇ ಕೈ ಚಾಚಿ ಹಿಡಿದರೆ ಹತ್ತು ಹೆಜ್ಜೆ ಕಷ್ಟ. ದುರ್ಬೀನು ಹಿಡಿದಾಗಲೂ ಹಾಗೆಯೇ, ಭಾರ ಬೀಳುವುದು ಅಂಗೈಗಲ್ಲ, ಗಾಳಿಯಲ್ಲಿ ಎತ್ತಿ ನಿಲ್ಲಿಸಿದ ತೋಳಿಗೆ ಮತ್ತು ಭುಜಕ್ಕೆ. ಒಂದೆರಡು ನಿಮಿಷದಲ್ಲಿ ಸ್ನಾಯು ದಣಿದು ನಡುಕ ಇಮ್ಮಡಿಯಾಗುತ್ತದೆ. ಮೊಣಕೈಗೆ ಆಸರೆ ಕೊಟ್ಟ ಕೂಡಲೇ ಭುಜ ಬಿಡುಗಡೆಯಾಗುತ್ತದೆ. ಮುಂದೆ ಹೇಳುವ ಉಪಾಯಗಳೆಲ್ಲ ಇದೊಂದೇ ಸಂಗತಿಯ ಬೇರೆಬೇರೆ ರೂಪ.

ದುರ್ಬೀನಿನ ಮೇಲೆ ಬರೆದ ಎರಡು ಅಂಕಿಗಳ ಬಗ್ಗೆ ಒಂದು ಮಾತು. 8x42 ಎಂದರೆ ಎಂಟು ಪಟ್ಟು ಹಿಗ್ಗಿಸುವ, ಮುಂದಿನ ಮಸೂರ 42 ಮಿಲಿಮೀಟರ್ ಅಗಲವಿರುವ ದುರ್ಬೀನು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ: ಐದೂಕಾಲು ಮಿಲಿಮೀಟರ್. ಕಣ್ಣಿಗೆ ಬಂದು ಸೇರುವ ಬೆಳಕಿನ ಬಿಲ್ಲೆಯ ಅಗಲ ಅದು. ಜೇಬಿನಲ್ಲಿ ಹಿಡಿಸುವ 10x25ರಲ್ಲಿ ಈ ಬಿಲ್ಲೆ ಬರೀ ಎರಡೂವರೆ ಮಿಲಿಮೀಟರ್. ಕೈ ಅಥವಾ ಕತ್ತು ಸ್ವಲ್ಪ ಅಲುಗಿದರೆ ಕಣ್ಣುಪಾಪೆ ಆ ಸಣ್ಣ ಬಿಲ್ಲೆಯಿಂದ ಜಾರಿ, ನೋಟದ ಒಂದು ಬದಿ ಕಪ್ಪಾಗುತ್ತದೆ. ಅಗಲವಾದ ಬಿಲ್ಲೆ ಆ ಅಲುಗಾಟವನ್ನು ಕ್ಷಮಿಸುತ್ತದೆ. ಆದ್ದರಿಂದ ಮನೆಯ ಹಿರಿಯರಿಗೆಂದು ಕೊಳ್ಳುವವರು ಏಳು ಅಥವಾ ಎಂಟು ಪಟ್ಟಿನದನ್ನೇ ಕೊಳ್ಳಿ. ಜಾತ್ರೆಯಲ್ಲಿ, ಆನ್‌ಲೈನಿನಲ್ಲಿ ಮಾರುವ ಐವತ್ತು ಪಟ್ಟು, ನೂರು ಪಟ್ಟಿನ ಅಗ್ಗದ ದುರ್ಬೀನುಗಳ ಹತ್ತಿರವೂ ಹೋಗಬೇಡಿ.

ಹೊಸಪೇಟೆಯಲ್ಲಿ ನಮ್ಮ ಓಣಿಯ ನಿವೃತ್ತ ಮಾಸ್ತರೊಬ್ಬರಿಗೆ ಹೊರದೇಶದಲ್ಲಿರುವ ಮಗ ಒಳ್ಳೆಯ ದುರ್ಬೀನು ತಂದುಕೊಟ್ಟಿದ್ದ. ಕೆಲವೇ ದಿನಗಳಲ್ಲಿ ಅದು ಕಪಾಟು ಸೇರಿತ್ತು. ಯಾಕೆ ಎಂದು ಕೇಳಿದೆ. “ತಮ್ಮಾ, ಹಕ್ಕಿ ಕಾಣಸ್ತೈತಿ, ಆದ್ರ ನಿಂದ್ರವಲ್ದು ನೋಡು. ತಲಿ ತಿರಗತೈತಿ” ಅಂದರು. ಒಳಗಿಂದ ಅಮ್ಮಾರು ಬಂದವರು, ನಮ್ಮಿಬ್ಬರ ಮಾತು ಕೇಳಿಸಿಕೊಂಡು, ಮಡಿಸಿಟ್ಟಿದ್ದ ಹಳೆಯ ಕೌದಿಯನ್ನು ತಂದು ಮಾಳಿಗೆಯ ಕುಂಬಿಯ ಮೇಲೆ ಇಟ್ಟರು. “ಇದರ ಮ್ಯಾಲೆ ಮಣಕೈ ಊರ್ರಿ, ಒತ್ತಂಗಿಲ್ಲ” ಅಂದರು. ಮಾಸ್ತರು ಕುರ್ಚಿ ಎಳೆದುಕೊಂಡು ಕೂತು, ಎರಡೂ ಮೊಣಕೈ ಕೌದಿಯ ಮೇಲೆ ಊರಿ, ಎದುರಿನ ತೆಂಗಿನ ಗರಿಯ ಮೇಲಿದ್ದ ಗರುಡವನ್ನು ನೋಡಿದರು. ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಅಂದದ್ದು ಇಷ್ಟೇ: “ಕಣ್ಣ ರೆಪ್ಪಿ ಬಡದದ್ದು ಕಂಡ್ತು.”

ಕೌದಿಯಷ್ಟು ಒಳ್ಳೆಯ ಆಸರೆಯನ್ನು ನಾನು ಕಂಡಿಲ್ಲ. ಹಳೆಯ ಸೀರೆ ಧೋತರಗಳ ಪದರಗಳು ಬಿಗಿಯಾಗಿ ಹೊಲಿದುಕೊಂಡಿರುವುದರಿಂದ ಅದು ಹತ್ತಿಯ ದಿಂಬಿನ ಹಾಗೆ ಕುಸಿಯುವುದಿಲ್ಲ, ಸಿಮೆಂಟಿನ ಹಾಗೆ ಒತ್ತುವುದೂ ಇಲ್ಲ. ಎತ್ತರ ಸಾಲದಿದ್ದರೆ ಇನ್ನೊಂದು ಮಡಿಕೆ ಹಾಕಬಹುದು. ಎತ್ತರದ ಲೆಕ್ಕವನ್ನು ಮಾತ್ರ ಎಲ್ಲರೂ ಸರಿಯಾಗಿ ನೋಡಿಕೊಳ್ಳಬೇಕು. ದುರ್ಬೀನು ಕಣ್ಣಿನ ಮಟ್ಟಕ್ಕೆ ಬರಬೇಕೇ ಹೊರತು ಕತ್ತು ದುರ್ಬೀನಿನ ಮಟ್ಟಕ್ಕೆ ಬಗ್ಗಬಾರದು. ಬಗ್ಗಿದ ಕತ್ತು ಕಾಲು ಗಂಟೆಯಲ್ಲಿ ನೋಯುತ್ತದೆ, ನೋವು ಬಂದರೆ ಯಾರೂ ಮತ್ತೆ ಆ ಕುರ್ಚಿಗೆ ಬರುವುದಿಲ್ಲ.

ಕುಂಬಿ ಇಲ್ಲದ ಮನೆಯಲ್ಲಿ, ಪಡಸಾಲೆಯಲ್ಲಿ, ಕಿಟಕಿಯ ಬಳಿ ಕೈಯಿರುವ ಕುರ್ಚಿ ಸಾಕು. ಎರಡೂ ಕೈಗಳ ಮೇಲೆ ಒಂದೊಂದು ಗಟ್ಟಿ ದಿಂಬು, ಅದರ ಮೇಲೆ ಮೊಣಕೈ, ಬೆನ್ನು ಪೂರ್ತಿ ಒರಗಿರಬೇಕು. ಮಡಿಲಲ್ಲಿ ಲೋಡು ಇಟ್ಟುಕೊಂಡು ಅದರ ಮೇಲೆ ಮೊಣಕೈ ಊರಿದರೂ ಆದೀತು. ಆಕಾಶದಲ್ಲಿ ತೇಲುವ ಹದ್ದು ಗಿಡುಗಗಳನ್ನು ನೋಡಲು ಆರಾಮ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ದುರ್ಬೀನಿನ ಭಾರವನ್ನು ಹುಬ್ಬಿನ ಎಲುಬು ಮತ್ತು ಕೆನ್ನೆಯ ಮೇಲೆ ಹಗುರಾಗಿ ಬಿಡಬೇಕು. ಸಂಡೂರಿನಲ್ಲಿ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಸುತ್ತ ಬೆಟ್ಟಸಾಲು, ನಡುವೆ ಕಣಿವೆ. ಬಿಸಿಲೇರಿದ ಮೇಲೆ ಬೆಟ್ಟದ ಓರೆಯಿಂದ ಬಿಸಿಗಾಳಿ ಮೇಲೇಳುತ್ತಿದ್ದಂತೆ ಬೇಟೆಹಕ್ಕಿಗಳು ರೆಕ್ಕೆ ಬಡಿಯದೆ ಸುತ್ತು ಹಾಕುತ್ತ ಏರುತ್ತವೆ. ಅಂಗಳದಲ್ಲಿ ಒರಗಿ ಕೂತವರು ಅವುಗಳ ರೆಕ್ಕೆಯ ತುದಿಯ ಗರಿಗಳು ಬೆರಳಿನಂತೆ ಬಿಡಿಸಿಕೊಂಡಿರುವುದನ್ನೂ ಬಾಲದ ಆಕಾರವನ್ನೂ ನಿಧಾನವಾಗಿ ನೋಡಬಹುದು. ಹಾರುವ ಬೇಟೆಹಕ್ಕಿಯ ಗುರುತು ಇರುವುದೇ ಅಲ್ಲಿ.

ಕಿಟಕಿಯ ಬಗ್ಗೆ ಮೂರು ಎಚ್ಚರಗಳಿವೆ. ಮುಚ್ಚಿದ ಗಾಜಿನ ಮೂಲಕ ನೋಡಿದರೆ, ಅದರಲ್ಲೂ ಓರೆಯಾಗಿ ನೋಡಿದರೆ, ಚಿತ್ರ ಕದಡುತ್ತದೆ. ಸೊಳ್ಳೆ ಜಾಳಿಗೆ ಅದಕ್ಕಿಂತ ಕೆಟ್ಟದ್ದು. ಕಿಟಕಿ ತೆರೆದು, ಅದರ ಅಂಚಿಗೆ ಅಂಟಿಕೊಳ್ಳದೆ ಕೋಣೆಯ ನೆರಳಿನಲ್ಲಿ ಒಂದು ಮಾರು ಹಿಂದೆ ಕೂತರೆ ಹಕ್ಕಿಗೆ ನಾವು ಕಾಣುವುದಿಲ್ಲ. ಹತ್ತಿರ ಹೋಗಲೇಬೇಕಾದರೆ ಕಿಟಕಿಯ ನೆಟ್ಟಗಿನ ಸರಳನ್ನು ಎಡಗೈಯ ಕಡೆಯ ಎರಡು ಬೆರಳಿನಿಂದ ಹಿಡಿದು, ಉಳಿದ ಬೆರಳುಗಳಿಂದ ದುರ್ಬೀನನ್ನು ಆ ಸರಳಿಗೇ ಒತ್ತಿ ಹಿಡಿಯಿರಿ. ನಿಂತು ನೋಡುವಾಗ ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು ನಿಲ್ಲುವುದು ಇದೇ ಉಪಾಯ. ಹಂಪಿಯ ಕಲ್ಲುಮಂಟಪಗಳ ನೆರಳಿನಲ್ಲಿ ಕಂಬಕ್ಕೆ ಬೆನ್ನು ಕೊಟ್ಟು ಕೂತು ಗೋಪುರದ ಗೂಡುಗಳ ಗಿಳಿಗಳನ್ನು ನೋಡುವ ಸುಖ ಬೇರೆಯೇ. ಆದರೆ ಕೆತ್ತನೆಗಳಿಗೆ ಒರಗಬೇಡಿ, ಅವು ನಮ್ಮ ಬೆನ್ನಿಗಾಗಿ ಇರುವವಲ್ಲ.

ಯಾವ ಆಸರೆಯೂ ಇಲ್ಲದ ಕಡೆ ಮೈಯನ್ನೇ ಆಸರೆ ಮಾಡಿಕೊಳ್ಳಬೇಕು. ಎರಡೂ ಮೊಣಕೈಗಳನ್ನು ಪಕ್ಕೆಲುಬಿಗೆ ಒತ್ತಿ. ಹೆಬ್ಬೆರಳ ಬುಡ ಕೆನ್ನೆಗೆ ತಾಗಿರಲಿ. ತಲೆಯಲ್ಲಿ ಟೊಪ್ಪಿಗೆ ಇದ್ದರೆ ಅದರ ಮುಂಚಾಚನ್ನು ದುರ್ಬೀನಿನ ಜೊತೆ ಸೇರಿಸಿ ಬೆರಳಲ್ಲಿ ಹಿಡಿಯಿರಿ, ತಲೆ ಮತ್ತು ದುರ್ಬೀನು ಒಂದಾಗಿ ಅಲುಗುವುದರಿಂದ ನಡುಕ ಕಣ್ಣಿಗೆ ಕಡಿಮೆ ಕಾಣುತ್ತದೆ. ಉಸಿರು ಅರ್ಧ ಬಿಟ್ಟು ಒಂದು ಕ್ಷಣ ತಡೆಯಿರಿ. ಹಕ್ಕಿ ಕಂಡೊಡನೆ ಕಣ್ಣು ತಗ್ಗಿಸಿ ದುರ್ಬೀನು ಹುಡುಕುವ ಅಭ್ಯಾಸ ಬೇಡ. ಕಣ್ಣು ಹಕ್ಕಿಯ ಮೇಲೇ ಇರಲಿ, ದುರ್ಬೀನು ತಾನಾಗಿ ಕಣ್ಣಿಗೆ ಬರಲಿ.

ಕೋಲಿನ ಕಥೆ ನನಗೆ ಬಹಳ ಇಷ್ಟ. ಫಿನ್‌ಲ್ಯಾಂಡಿನ ಹಕ್ಕಿವೀಕ್ಷಕರು ದುರ್ಬೀನಿನ ಕೆಳಗೆ ಸುಮಾರು ಅರ್ಧ ಮೀಟರಿನ ಕೋಲು ಸಿಕ್ಕಿಸಿಕೊಳ್ಳುತ್ತಾರೆ. ಕೋಲು ನೆಲಕ್ಕೆ ಮುಟ್ಟುವುದಿಲ್ಲ. ಅದರ ಕೆಳತುದಿಯನ್ನು ಹೊಟ್ಟೆಯ ಹತ್ತಿರ ಹಿಡಿದರೆ ಮೊಣಕೈ ತಾನಾಗಿ ಪಕ್ಕೆಗೆ ಒತ್ತಿಕೊಳ್ಳುತ್ತದೆ, ತೋಳು ಎತ್ತುವ ಕೆಲಸವೇ ಇಲ್ಲ. ನಮ್ಮಲ್ಲಿ ಇದನ್ನು ಮಾಡಿಕೊಳ್ಳಲು ಪೇಟೆಯ ಪ್ಲಂಬಿಂಗ್ ಅಂಗಡಿ ಸಾಕು. ಎರಡಡಿ ಪಿವಿಸಿ ಪೈಪು, ಮೇಲೆ ‘ಟಿ’ ಆಕಾರದ ಒಂದು ಜೋಡಣೆ, ದುರ್ಬೀನಿನ ನಡುಭಾಗವನ್ನು ಅದರ ಮೇಲಿಟ್ಟು ಬಿಗಿಯಲು ಹಳೆಯ ಸೈಕಲ್ ಟ್ಯೂಬಿನ ಪಟ್ಟಿ. ಕೂತು ನೋಡುವವರು ಪೈಪನ್ನು ಇನ್ನೂ ಉದ್ದ ಮಾಡಿಕೊಂಡು ತುದಿಯನ್ನು ಕುರ್ಚಿಯ ಮೇಲೆ, ತೊಡೆಗಳ ನಡುವೆ ಊರಬಹುದು. ಊರುಗೋಲು ಹಿಡಿದು ನಡೆಯುವ ಹಿರಿಯರಿದ್ದರೆ ಬಡಿಗೇರರ ಹತ್ತಿರ ಅದರ ತಲೆಗೆ ಕವೆಯಂಥ ಒಂದು ಮರದ ತುಂಡು ಕೂಡಿಸಿಕೊಂಡರೆ ನಡೆಯುವ ಕೋಲೇ ನೋಡುವ ಕೋಲೂ ಆಗುತ್ತದೆ.

ಚೀಲದ ಉಪಾಯ ಕಂಪ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ, ಅಕ್ಕಿಯ ಊರು ಅದು. ಗಟ್ಟಿ ಬಟ್ಟೆಯ ಸಣ್ಣ ಚೀಲಕ್ಕೆ ಅಕ್ಕಿಯನ್ನು ಮುಕ್ಕಾಲು ಮಾತ್ರ ತುಂಬಿ ಹೊಲಿಯಬೇಕು. ಪೂರ್ತಿ ತುಂಬಿದರೆ ಕಲ್ಲಾಗುತ್ತದೆ. ಮುಕ್ಕಾಲು ತುಂಬಿದ್ದರೆ ದುರ್ಬೀನು ಅದರಲ್ಲಿ ಗೂಡು ಮಾಡಿಕೊಂಡು ಕೂರುತ್ತದೆ. ನವಣೆಯಂಥ ದುಂಡನೆಯ ಸಣ್ಣ ಕಾಳು ಅಕ್ಕಿಗಿಂತ ಚೆನ್ನಾಗಿ ಹರಿದು ಹೊಂದಿಕೊಳ್ಳುತ್ತದೆ. ಕಾಳಿಗೆ ನುಸಿ, ಇಲಿಯ ಕಾಟವಿದ್ದರೆ ತೊಳೆದು ಒಣಗಿಸಿದ ಉಸುಕು ಆದೀತು, ಆದರೆ ಎರಡು ಪದರದ ಚೀಲವಿರಬೇಕು. ಉಸುಕಿನ ಒಂದು ಹರಳು ಮಸೂರಕ್ಕೆ ತಾಗಿದರೂ ಗೀರು ಬೀಳುತ್ತದೆ.

ಕಂಪ್ಲಿ ಕೋಟೆಯ ಕಡೆ, ಹೊಳೆ ಕಾಣುವ ಮನೆಗಳವರು ನಿಜಕ್ಕೂ ಪುಣ್ಯವಂತರು. ತುಂಗಭದ್ರೆಯ ನೀರು ಇಳಿದಾಗ ತಲೆಯೆತ್ತುವ ಬಂಡೆಗಳ ಮೇಲೆ ನೀರುಕಾಗೆಗಳು ರೆಕ್ಕೆ ಒಣಗಿಸುತ್ತವೆ, ರೀವಗಳು ನೀರಿಗೆ ಎರಗುತ್ತವೆ. ಅಣೆಕಟ್ಟೆಯ ಕೆಳಗಿನ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು ಕರ್ನಾಟಕ ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ನೀರುನಾಯಿಗಳಿಗಾಗಿಯೇ ಮೀಸಲಾದ ಇಂಥ ಸಂರಕ್ಷಿತ ಪ್ರದೇಶ ದೇಶದಲ್ಲಿ ಅದೇ ಮೊದಲು. ದೂರದ ನೀರಿನಲ್ಲಿ ಮುಳುಗೇಳುವ ತಲೆ ನೀರುಕಾಗೆಯದೋ ನೀರುನಾಯಿಯದೋ ಎಂದು ತಿಳಿಯಲು ಒಂದೆರಡು ಸೆಕೆಂಡಿನ ಅಲುಗದ ನೋಟ ಬೇಕೇ ಬೇಕು. ಗದ್ದೆ ಉಳುಮೆಯ ದಿನಗಳಲ್ಲಿ ಟ್ರ್ಯಾಕ್ಟರಿನ ಹಿಂದೆ ಇಳಿಯುವ ಬೆಳ್ಳಕ್ಕಿ, ಕೆಂಬರಲುಗಳನ್ನು ಮಾಳಿಗೆಯಿಂದಲೇ ಎಣಿಸಬಹುದು.

ಟ್ರೈಪಾಡಿನ ವಿಷಯಕ್ಕೆ ಬರೋಣ. ಈಗಿನ ಹೆಚ್ಚಿನ ದುರ್ಬೀನುಗಳ ನಡುಗೀಲಿನ ಮುಂತುದಿಯಲ್ಲಿ ಒಂದು ಸಣ್ಣ ಮುಚ್ಚಳವಿರುತ್ತದೆ. ಅದನ್ನು ತಿರುಗಿಸಿ ತೆಗೆದರೆ ಒಳಗೆ ಕ್ಯಾಮೆರಾ ಸ್ಟ್ಯಾಂಡಿಗೆ ಇರುವಂಥದೇ ಕಾಲಿಂಚಿನ ತಿರುಪಿನ ರಂಧ್ರ. ಬಹಳ ಜನ ವರ್ಷಗಟ್ಟಲೆ ದುರ್ಬೀನು ಬಳಸಿದರೂ ಇದನ್ನು ಗಮನಿಸಿರುವುದಿಲ್ಲ. ಇಂಗ್ಲಿಷಿನ ‘ಎಲ್’ ಆಕಾರದ ಕೂಡುಪಟ್ಟಿಯೊಂದನ್ನು ಅಲ್ಲಿ ತಿರುಗಿಸಿದರೆ ದುರ್ಬೀನು ಟ್ರೈಪಾಡಿನ ಮೇಲೆ ಕೂರುತ್ತದೆ. ಮದುವೆ ಫೋಟೊ ತೆಗೆಯುವವರ ಹತ್ತಿರ ಹಳೆಯ ಗಟ್ಟಿ ಟ್ರೈಪಾಡ್ ಸಿಕ್ಕರೆ ಬಿಡಬೇಡಿ. ಮೊಬೈಲಿನ ತೆಳುಕಾಲಿನ ಸ್ಟ್ಯಾಂಡ್ ಗಾಳಿಗೇ ಅಲುಗಾಡುವುದರಿಂದ ಕೈಗಿಂತ ಕಡೆ. ಟ್ರೈಪಾಡಿನ ನಡುಗಂಬದ ಕೊಕ್ಕೆಗೆ ಕೈಚೀಲ ತೂಗುಹಾಕಿ, ಕಾಲುಗಳನ್ನು ಕುರ್ಚಿಯ ಎರಡೂ ಬದಿಗೆ ಹರವಿದರೆ, ಕೂತಲ್ಲೇ ಕಣ್ಣಿಗೆ ದುರ್ಬೀನು ಬರುತ್ತದೆ. ಕೈಗೆ ಕೆಲಸವಿಲ್ಲ. ನಡುಕ ಹೆಚ್ಚಿರುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಆದರೆ ಮೇಲಿನ ತಲೆಯನ್ನು ಪೂರ್ತಿ ಬಿಗಿಯದೆ ಸ್ವಲ್ಪ ಸಡಿಲ ಬಿಟ್ಟಿರಬೇಕು, ಹಕ್ಕಿ ಕೊಂಬೆಯಿಂದ ಕೊಂಬೆಗೆ ಹಾರಿದಾಗ ದುರ್ಬೀನು ನಯವಾಗಿ ತಿರುಗಬೇಕು.

ತುಂಗಭದ್ರಾ ಜಲಾಶಯದ ಹಿನ್ನೀರಿಗೆ ಟ್ರೈಪಾಡೇ ಸರಿ. ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ಹರಡುವ ನೀರು ಅದು. ಚಳಿಗಾಲದಲ್ಲಿ ನೀರು ಹಿಂದೆ ಸರಿದಂತೆ ಬಾತುಗಳು, ಕೊಕ್ಕರೆಗಳು ಬರುತ್ತವೆ, ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳೂ ಇಳಿಯುತ್ತವೆ. ಆ ಹೆಬ್ಬಾತಿನ ಬಿಳಿ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆಗಳಿವೆ. ದೂರದ ಕೆಸರಿನಲ್ಲಿ ಬೂದು ಚುಕ್ಕೆಗಳಾಗಿ ಕಾಣುವ ಹಕ್ಕಿಗಳಲ್ಲಿ ಆ ಪಟ್ಟೆ ಎಣಿಸಲು ಯಾವ ಕೈಯೂ ಸಾಲದು. ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ 98.76 ಹೆಕ್ಟೇರಿನ ಪಕ್ಷಿ ಸಂರಕ್ಷಿತ ಪ್ರದೇಶ. 2024ರಲ್ಲಿ ಅದು ಜಾಗತಿಕ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೆ ಹತ್ತಿರ ಹೋಗುವುದೇ ತೊಂದರೆ. ದೂರದಲ್ಲಿ ನಿಂತು, ಅಲುಗದ ದುರ್ಬೀನಿನಿಂದ ನೋಡಿದರೆ ಹಕ್ಕಿಗೂ ನೆಮ್ಮದಿ, ನಮಗೂ ಹೆಚ್ಚು ಕಾಣುತ್ತದೆ.

ತಾನೇ ನಡುಕ ಹೀರಿಕೊಳ್ಳುವ ದುರ್ಬೀನುಗಳೂ ಇವೆ. ಜರ್ಮನಿಯ ಝೈಸ್ ಬ್ಯಾಟರಿಯಿಲ್ಲದೆ ಯಂತ್ರರಚನೆಯಿಂದಲೇ ಚಿತ್ರ ನಿಲ್ಲಿಸುವ 20x60 ಮಾಡಿತು. 1990ರ ದಶಕದ ಮಧ್ಯದಲ್ಲಿ ಜಪಾನಿನ ಕ್ಯಾನನ್ ಕೈಯಲ್ಲಿ ಹಿಡಿಯಬಹುದಾದ, ಬ್ಯಾಟರಿಯಿಂದ ನಡೆಯುವ ಮಾದರಿಗಳನ್ನು ತಂದಿತು. ಗುಂಡಿ ಒತ್ತಿದರೆ ಒಳಗಿನ ಸಂವೇದಕ ಅಲುಗಾಟವನ್ನು ಅಳೆದು, ಬೆಳಕಿನ ದಾರಿಯನ್ನು ಅದಕ್ಕೆ ಎದುರಾಗಿ ಬಾಗಿಸುತ್ತದೆ. ನಡುಕದ ಕಾಯಿಲೆ ಇರುವವರಿಗೆ ಇದು ದೊಡ್ಡ ವರ, ಸಂಶಯವಿಲ್ಲ. ಆದರೆ ಬೆಲೆ ಹತ್ತಾರು ಸಾವಿರ ರೂಪಾಯಿ, ತೂಕವೂ ಹೆಚ್ಚು, ಬ್ಯಾಟರಿ ಬೇಕು. ಮನೆಯಲ್ಲೇ ಒಂದೆಡೆ ಕೂತು ನೋಡುವವರು ಮೊದಲು ಕೌದಿ, ಕೋಲು, ಟ್ರೈಪಾಡುಗಳನ್ನು ಬಳಸಿ ನೋಡಲಿ. ಬಹುಪಾಲು ಜನರಿಗೆ ಮುಂದಿನ ಖರ್ಚಿನ ಅಗತ್ಯ ಬೀಳುವುದಿಲ್ಲ.

ಕೈ ನಿಂತ ಮೇಲೂ ತಲೆನೋವು ಬಂದರೆ ಕಾರಣ ಬೇರೆ. ನಮ್ಮ ಎರಡು ಕಣ್ಣುಗಳ ಶಕ್ತಿ ಒಂದೇ ಇರುವುದಿಲ್ಲ. ಬಲಗಣ್ಣು ಮುಚ್ಚಿ, ನಡುಚಕ್ರ ತಿರುಗಿಸಿ, ದೂರದ ಒಂದು ವಸ್ತುವನ್ನು ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಣ್ಣು ಮುಚ್ಚಿ, ಬಲಗಣ್ಣಿನ ಕಡೆಯ ಬಳೆಯನ್ನು ಮಾತ್ರ ತಿರುಗಿಸಿ ಅದೇ ವಸ್ತುವನ್ನು ಸ್ಪಷ್ಟ ಮಾಡಿ. ಒಮ್ಮೆ ಹೊಂದಿಸಿದರೆ ಆ ಬಳೆಯನ್ನು ಮತ್ತೆ ಮುಟ್ಟಬೇಕಿಲ್ಲ. ಕನ್ನಡಕ ಹಾಕುವವರು ಕಣ್ಣಿನ ಕಡೆಯ ರಬ್ಬರ್ ಬಟ್ಟಲುಗಳನ್ನು ಒಳಕ್ಕೆ ತಿರುಗಿಸಿ ಕನ್ನಡಕದ ಮೇಲೇ ನೋಡಬಹುದು.

ನಮ್ಮ ಸೀಮೆಯ ಬಿಸಿಲಿಗೆ ಮಾತ್ರ ಯಾವ ಆಸರೆಯೂ ಮದ್ದಲ್ಲ. ಬೇಸಿಗೆಯಲ್ಲಿ ಹತ್ತು ಗಂಟೆಯ ನಂತರ ಬಂಡೆ, ಮಾಳಿಗೆಗಳಿಂದ ಏಳುವ ಬಿಸಿಗಾಳಿ ಚಿತ್ರವನ್ನು ಕುದಿಸುತ್ತದೆ. ಆಗ ನಡುಗುವುದು ಕೈಯಲ್ಲ, ಗಾಳಿ. ಬೆಳಗಿನ ಮೊದಲ ಎರಡು ತಾಸು, ಸಂಜೆಯ ಕೊನೆಯ ತಾಸು ನಮ್ಮವು. ಸಂಡೂರು, ದೋಣಿಮಲೈ ಕಡೆಯವರಿಗೆ ಇನ್ನೊಂದು ಎಚ್ಚರ: ಅದಿರಿನ ಕೆಂದೂಳು. ಕಬ್ಬಿಣದ ಅದಿರಿನ ಕಣ ಗಟ್ಟಿ. ಪಂಚೆಯ ಸೆರಗಿನಿಂದ ಮಸೂರ ಒರೆಸಿದರೆ ಅದರ ಮೇಲಿನ ತೆಳುಲೇಪ ಗೀರಾಗಿ, ವರ್ಷದೊಳಗೆ ಹೊಸ ದುರ್ಬೀನು ಮಂಜುಗಣ್ಣಾಗುತ್ತದೆ. ಮೊದಲು ಗಾಳಿ ಊದುವ ರಬ್ಬರ್ ಬುರುಡೆ, ಆಮೇಲೆ ಮೆತ್ತನೆ ಕುಂಚ, ಕೊನೆಗೆ ಬಟ್ಟೆ, ಈ ಕ್ರಮ ತಪ್ಪಬಾರದು. ಮಾಳಿಗೆಯ ಮೇಲೆ ಮಕ್ಕಳಿದ್ದರೆ ಸೂರ್ಯನ ಕಡೆ ದುರ್ಬೀನು ತಿರುಗದಂತೆ ಕಣ್ಣಿಟ್ಟಿರಿ, ಒಂದು ಕ್ಷಣದಲ್ಲಿ ಕಣ್ಣು ಶಾಶ್ವತವಾಗಿ ಹೋದೀತು. ಕತ್ತಲಾದ ಮೇಲೆ ಅದೇ ಟ್ರೈಪಾಡಿನಲ್ಲಿ ಗುರುಗ್ರಹವನ್ನು ನೋಡಿದರೆ, 1610ರಲ್ಲಿ ಗೆಲಿಲಿಯೊ ಕಂಡ ಅದರ ನಾಲ್ಕು ಚಂದ್ರರು ಸಾಲಾಗಿ ಕಾಣುತ್ತಾರೆ. ಬರಿಗೈಯಲ್ಲಿ ಹಿಡಿದಾಗ ಅವರು ಕಾಣುವುದು ಕಷ್ಟ.

ನೆರೆಹೊರೆಯ ಮಾತನ್ನೂ ಹೇಳಬೇಕು. ಓಣಿಯ ಮನೆಗಳು ಎದುರುಬದುರು. ಯಾರೋ ಮಾಳಿಗೆಯಿಂದ ದುರ್ಬೀನು ಹಿಡಿದರೆ ಅಕ್ಕಪಕ್ಕದವರಿಗೆ ಕಸಿವಿಸಿಯಾಗುವುದು ಸಹಜ. ಮೊದಲೇ ಅವರ ಮನೆಗೆ ಹೋಗಿ ಹೇಳಿ, ಅವರನ್ನೂ ಮಾಳಿಗೆಗೆ ಕರೆದು ಒಮ್ಮೆ ತೋರಿಸಿ. ಕುರ್ಚಿಯನ್ನು ಕಿಟಕಿಗಳ ಕಡೆಗಲ್ಲ, ಮರದ ಕಡೆ, ಆಕಾಶದ ಕಡೆ ಹಾಕಿ.

ಹಕ್ಕಿಯನ್ನೇ ಒಂದು ಜಾಗಕ್ಕೆ ಬರಮಾಡಿಕೊಳ್ಳುವುದು ಮನೆಯಲ್ಲಿ ನೋಡುವವರಿಗೆ ಇರುವ ದೊಡ್ಡ ಅನುಕೂಲ. ಕುರ್ಚಿಯಿಂದ ನಾಲ್ಕೈದು ಮೀಟರ್ ದೂರದಲ್ಲಿ, ಗಿಡದ ನೆರಳಿನಲ್ಲಿ, ಆಳವಿಲ್ಲದ ಮಣ್ಣಿನ ಬಟ್ಟಲಿನಲ್ಲಿ ನೀರಿಡಿ. ದಿನವೂ ತೊಳೆದು ನೀರು ಬದಲಿಸಿ. ದುರ್ಬೀನನ್ನು ಮೊದಲೇ ಆ ಬಟ್ಟಲಿನ ಅಂಚಿಗೆ ಸ್ಪಷ್ಟ ಮಾಡಿ ನಿಲ್ಲಿಸಿ ಕಾಯಿರಿ. ನಮ್ಮ ಬಿರುಬೇಸಿಗೆಯಲ್ಲಿ ಗುಬ್ಬಿ, ಪಿಕಳಾರ, ಗೊರವಂಕ, ರಾಟವಾಳಗಳು ಬಂದೇ ಬರುತ್ತವೆ. ಸೂರಕ್ಕಿಗಂತೂ ಅಂಗಳದಲ್ಲಿ ಒಂದು ದಾಸವಾಳ ಸಾಕು. ಗುಡ್ಡದ ಬುಡದ ಕಮಲಾಪುರ, ಕಡ್ಡಿರಾಂಪುರದಂಥ ಊರುಗಳವರು ಮನೆಯೆದುರಿನ ಬಂಡೆಗಳ ಕಡೆಗೂ ಆಗಾಗ ಕಣ್ಣು ಹಾಯಿಸುತ್ತಿರಿ. ಮೊದಲು ಹೇಳಿದ ಹಳದಿ ಕೊರಳಿನ ಪಿಕಳಾರ ನಾಚಿಕೆಯ ಹಕ್ಕಿ, ಬೆನ್ನಟ್ಟಿ ಹೋದವರಿಗಿಂತ ಒಂದೆಡೆ ಅಲುಗದೆ ಕೂತವರಿಗೆ ಅದು ಸಿಗುವ ಸಂಭವ ಹೆಚ್ಚು.

ಕೂತಲ್ಲೇ ನೋಡಿದ್ದಕ್ಕೆ ಬೆಲೆಯಿಲ್ಲ ಎಂದು ಯಾರೂ ತಿಳಿಯಬಾರದು. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯ ಮತ್ತು ಆಡುಬಾನ್ ಸೊಸೈಟಿ 1998ರಲ್ಲಿ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ಎಂಬ ಹಿತ್ತಿಲ ಹಕ್ಕಿ ಎಣಿಕೆಯನ್ನು ಶುರುಮಾಡಿದವು. 2013ರಿಂದ ಅದು ಜಗತ್ತಿಗೆಲ್ಲ ತೆರೆದಿದೆ. ಭಾರತದಲ್ಲಿ ಬರ್ಡ್ ಕೌಂಟ್ ಇಂಡಿಯಾ ಇದನ್ನು ನಡೆಸಿಕೊಂಡು ಬರುತ್ತಿದೆ. ಪ್ರತಿ ಫೆಬ್ರುವರಿಯ ನಡುವಿನ ನಾಲ್ಕು ದಿನ, ಒಂದೆಡೆ ಕನಿಷ್ಠ ಹದಿನೈದು ನಿಮಿಷ ಕೂತು, ಕಂಡ ಹಕ್ಕಿಗಳ ಹೆಸರು ಮತ್ತು ಸಂಖ್ಯೆಯನ್ನು ಇ-ಬರ್ಡ್ ಜಾಲತಾಣಕ್ಕೆ ಸೇರಿಸಿದರಾಯಿತು. ಮೊಬೈಲು ಗೊತ್ತಿಲ್ಲದ ಅಜ್ಜ ಅಜ್ಜಿ ಹೇಳಿದ್ದನ್ನು ಮೊಮ್ಮಕ್ಕಳು ತುಂಬಬಹುದು. ಕಾಡಿಗೆ ಹೋಗುವವರು ಕಾಡಿನ ಹಕ್ಕಿಗಳನ್ನು ಎಣಿಸುತ್ತಾರೆ. ಚಿತ್ತವಾಡಗಿಯ ಬಾಳೆತೋಟದಂಚಿನಲ್ಲಿ, ಸಂಡೂರಿನ ಹಿತ್ತಿಲಲ್ಲಿ, ಕಂಪ್ಲಿಯ ಮಾಳಿಗೆಯೆದುರು ವರ್ಷವಿಡೀ ಯಾವ ಹಕ್ಕಿ ಬಂತು, ಯಾವುದು ಬರುವುದು ನಿಂತಿತು ಎಂಬುದನ್ನು ಅಲ್ಲಿಯೇ ದಿನವೂ ಕೂರುವವರು ಮಾತ್ರ ಹೇಳಬಲ್ಲರು.

ಅರಣ್ಯ ಇಲಾಖೆಗೂ ಪ್ರವಾಸೋದ್ಯಮ ಇಲಾಖೆಗೂ ಒಂದು ಮನವಿ. ದರೋಜಿಯ ಕರಡಿಧಾಮದಲ್ಲಿ, ಕಮಲಾಪುರದ ಕೆರೆಯ ಏರಿಯ ಮೇಲೆ, ಅಂಕಸಮುದ್ರದಲ್ಲಿ ಬೆನ್ನೊರಗಿರುವ ಕೆಲವು ಆಸನಗಳನ್ನು, ಅವುಗಳ ಮುಂದೆ ಕೂತವರ ಮೊಣಕೈ ಎತ್ತರಕ್ಕೆ ಅಗಲವಾದ ಒಂದು ಮರದ ಹಲಗೆಯನ್ನು ಹಾಕಿಸಿ. ದೊಡ್ಡ ಖರ್ಚಿನ ಕೆಲಸವಲ್ಲ. ಮೆಟ್ಟಿಲು ಹತ್ತಲಾಗದವರೂ ಅಲ್ಲಿ ಒಂದು ತಾಸು ನೆಮ್ಮದಿಯಿಂದ ಹಕ್ಕಿ ನೋಡಿಯಾರು. ಓದುಗರಲ್ಲಿ ಕೇಳುವುದು ಇದಕ್ಕಿಂತ ಸಣ್ಣದು. ನಿಮ್ಮ ಮನೆಯಲ್ಲೂ ಕಪಾಟು ಸೇರಿದ ದುರ್ಬೀನು ಇದ್ದರೆ ಇವತ್ತೇ ಹೊರತೆಗೆಯಿರಿ. ಹಿರಿಯರೊಬ್ಬರನ್ನು ಮಾಳಿಗೆಯ ನೆರಳಿನಲ್ಲಿ ಕೂರಿಸಿ, ಮೊಣಕೈ ಕೆಳಗೆ ಒಂದು ಕೌದಿ ಮಡಿಸಿಟ್ಟು, ದುರ್ಬೀನನ್ನು ಅವರ ಕೈಗೆ ಕೊಡಿ.